ಹದಿನೇಳನೆಯ ಸಾಲು

ಗುರುವಾರ, 14ನೇ ತಾರೀಖು, ಬೆಳಗ್ಗೆ 9:20. ಹುಮನಾಬಾದಿನ ಒಂದು ಮಹಿಳಾ ಆಶ್ರಯ ಕೇಂದ್ರದ ಮುಖ್ಯಸ್ಥೆ ಹಜಿರಾ ಬೀ ಠಾಣೆಗೆ ದೂರು ತಂದರು. ಕೇಂದ್ರದ ಕಂಪ್ಯೂಟರ್ ಕೆಟ್ಟಿತ್ತು. ಅಲಮಾರಿಯಲ್ಲಿದ್ದ ಬ್ಯಾಕಪ್ ಡಿಸ್ಕಿನಿಂದ ಡೇಟಾಬೇಸನ್ನು ಮರಳಿ ತುಂಬಿಸಿದರೂ ಶುರುವಾಗುತ್ತಿರಲಿಲ್ಲ.

"ಅದಕ್ಕ ಪೊಲೀಸರು ಯಾಕ್ರಿ?" ಇನ್ಸ್‌ಪೆಕ್ಟರ್ ಉಮಾದೇವಿ ಕೇಳಿದರು.

"ಮನಿಯವರ ಕೈಯಾಗ ಸಾಯಬಾರದಂತ ಓಡಿಬಂದ ನಲವತ್ಮೂರು ಹೆಣ್ಮಕ್ಕಳು ಎಲ್ಲಿ ಅಡಗ್ಯಾರ ಅನ್ನೋದು ಅದರಾಗ ಅದ್ರಿ. ಡಿಸ್ಕ್ ಯಾರೋ ಮುಟ್ಟ್ಯಾರ."

10:05ಕ್ಕೆ ಎಫ್‌ಐಆರ್. ಕಂಪ್ಯೂಟರ್ ಬಲ್ಲ ಕಾನ್‌ಸ್ಟೇಬಲ್ ಸಮ್ಯಕ ಕೇಂದ್ರಕ್ಕೆ ಹೋಗಿ ಕುಳಿತ. ಫೈಲುಗಳು ಕೆಟ್ಟಿರಲಿಲ್ಲ. ಪ್ರತಿ ಫೈಲಿಗೂ ಅದು ಯಾವ ಖಾತೆಯದೆಂಬ ಸಂಖ್ಯೆ ಇರುತ್ತದೆ. ಇವುಗಳ ಮೇಲೆ 1003 ಇತ್ತು. ಆ ಸಂಖ್ಯೆಯ ಖಾತೆಯೇ ಅಲ್ಲಿರಲಿಲ್ಲ. ತನ್ನದಲ್ಲದ ಫೈಲುಗಳ ಮೇಲೆ ಡೇಟಾಬೇಸ್ ಶುರುವಾಗುವುದಿಲ್ಲ.

"ಬ್ಯಾರೆ ಮಷೀನಿನ್ಯಾಗ ತೆರದಾರ್ರಿ. ಸೋಮವಾರ, ಮಧ್ಯಾಹ್ನ 2:40."

ನಕಲು ತೆಗೆದಿಟ್ಟು ಅವನು ಖಾತೆಯ ಸಂಖ್ಯೆ ಸರಿಪಡಿಸಿದ. ಡೇಟಾಬೇಸ್ ಶುರುವಾಯಿತು. ಹಜಿರಾ ಬೀ ಹೆಸರುಗಳನ್ನು ಬೆರಳಿಟ್ಟು ಎಣಿಸಿದರು. ನಲವತ್ತೆರಡು. ಹದಿನಾರನೆಯ ಸಾಲಿನ ನಂತರ ಹದಿನೆಂಟನೆಯದು.

"ಆಮ್ರಪಾಲಿ," ಎಂದರು. "ಅಣ್ಣಂದಿರು ಹುಡುಕಾಕತ್ತಾರ. ಊರು ನಾ ಓದಂಗಿಲ್ರಿ, ಹೊಡದು ಕೇಳಿದ್ರ ಬಾಯಿ ಬಿಟ್ಟೇನಂತ. ಪ್ರತಿ ಶುಕ್ರವಾರ ಆಕೀನ ಫೋನ್ ಮಾಡ್ತಾಳ, ಅಲ್ಲೀತನಕ ಆಕಿಗೆ ಏನೂ ತಿಳಸಾಕ ದಾರಿಲ್ರಿ."

ಕೇಂದ್ರದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದುದು ಬಸವಕಲ್ಯಾಣದ ಅಂಗಡಿ. ಡಿಸ್ಕ್ ಗುರುತಿಸಲು ಕೇಂದ್ರದ ಕಾವಲುಗಾರ ದತ್ತಾತ್ರಿಯನ್ನು ಉಮಾದೇವಿ ಪಂಚನಾಗಿ, ಅಂದರೆ ಜಪ್ತಿಯ ಸಾಕ್ಷಿಯಾಗಿ, ಕರೆದೊಯ್ದರು. 1:15ಕ್ಕೆ ಸಮ್ಯಕ ಅಂಗಡಿಯ ಕಂಪ್ಯೂಟರಿನಲ್ಲಿ ಖಾತೆಗಳ ಪಟ್ಟಿ ತೆಗೆದ. 1003: ಫಾಜಿಲ್. ಅಂಗಡಿಯವನೇ.

"ಸಾಲು ನೀನ ಅಳಸಿದೇನು?" ಉಮಾದೇವಿ ಕೇಳಿದರು.

"ಹೌದ್ರಿ."

"ಯಾವ ಊರಿತ್ತು?"

"ಓದಲಿಲ್ರಿ."

"ಕಣ್ಣು ಮುಚ್ಚಿಕೊಂಡು ಅಳಸಿದೇನು?"

"ಹೆಸರಷ್ಟ ನೋಡಿದ್ನಿ. ಊರು ಓದಿದ್ರ ಹೊಡದು ನನ್ನ ಬಾಯಿ ಬಿಡಸ್ತಿದ್ರು."

"ಡಿಸ್ಕ್ ಯಾರು ತಂದ್ರು?"

ಫಾಜಿಲನ ಕಣ್ಣು ಉಮಾದೇವಿಯವರ ಹೆಗಲಾಚೆ ಹೋಗಿ ನೆಲಕ್ಕಿಳಿಯಿತು. ಪಂಚನಾಮೆಯಲ್ಲಿ ಬರೆಯುವುದನ್ನು ಪಂಚರ ಮುಂದೆಯೇ ಹೇಳಬೇಕು.

"ಊರಿನ ಹೆಸರು ಬರಕೋರಿ ಮೇಡಂ," ಹಿಂದಿನಿಂದ ದತ್ತಾತ್ರಿ ಹೇಳಿದ. "ಇಂವಗ ಗೊತ್ತದ. ಎರಡೇಟು ಹಾಕ್ರಿ, ಹೇಳ್ತಾನ."

ಉಮಾದೇವಿ ಪೆನ್ನು ಕೆಳಗಿಟ್ಟರು. "ಅಲಮಾರಿ ಚಾವಿ ಯಾರ ಬಲ್ಲಿ ಇರ್ತದ, ದತ್ತಾತ್ರಿ?"

ಅವನ ಕೈ ತಾನಾಗಿ ಜೇಬಿಗೆ ಹೋಗಿ ಅಲ್ಲೇ ನಿಂತಿತು. "ನನ್ನ ಬಲ್ಲೇ ಅದ್ರಿ."

ಬೇರೆ ಪಂಚರು ಬಂದರು. ಹೊಸ ಹಾಳೆ. ಫಾಜಿಲ್ ಈಗ ತಡೆಯಿಲ್ಲದೆ ಹೇಳಿದ: ಆಮ್ರಪಾಲಿಯ ವಿಳಾಸ ಹುಡುಕಿಕೊಡೆಂದು ಡಿಸ್ಕ್ ತಂದವನು ದತ್ತಾತ್ರಿ, ತಾನು ಸಾಲು ಅಳಿಸಿ, ಅಂಥ ಹೆಸರೇ ಇಲ್ಲವೆಂದು ವಾಪಸ್ ಕೊಟ್ಟಿದ್ದ. ದತ್ತಾತ್ರಿಯ ಹೆಸರನ್ನು ಈ ಸಲ ಆರೋಪಿಯ ಜಾಗದಲ್ಲಿ ಬರೆದರು. 3:10ಕ್ಕೆ ಬಂಧನ.

"ಆಕಿ ಅಣ್ಣಂದಿರು ಹೊಡಿಲಿಲ್ರಿ, ಬೈಲಿಲ್ಲ," ಜೀಪಿನಲ್ಲಿ ದತ್ತಾತ್ರಿ ತಾನಾಗಿ ಹೇಳಿದ. "ನನ್ನ ಮಗಳು ಪೂನಂ ಕಾಲೇಜಿಗೆ ಹೋಗು ದಾರ್ಯಾಗ ದಿನಾ ನಿಂದ್ರತಿದ್ರು. ಬರೇ ನಿಂದ್ರತಿದ್ರು."

ಹುಮನಾಬಾದ್ ಬಸ್ ನಿಲ್ದಾಣದ ಎದುರು ಇಬ್ಬರು ನಿಂತಿದ್ದರು. "ಅವರೇ ನೋಡ್ರಿ," ಎಂದ ದತ್ತಾತ್ರಿ. ಜೀಪಿನೊಳಗೆ ದತ್ತಾತ್ರಿಯನ್ನು ಕಂಡು ಒಬ್ಬ ಕೈಗಡಿಯಾರ ನೋಡಿಕೊಂಡ. ಉಮಾದೇವಿ ಇಳಿಯುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ. ಪೂನಂಳ ಕಾಲೇಜಿನ ಬಸ್ಸು ಬಂದು ನಿಂತಿತು. ಆಮ್ರಪಾಲಿಯ ಫೋನಿಗೆ ಇನ್ನೂ ಒಂದು ದಿನವಿತ್ತು.