ಅರ್ಧ ಉಳಿದ ಶೀಷೆ

ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಓಡಿಬಂದ ಪ್ರೊಫೆಸರರ ಒಂದೊಂದು ಕಾಲಲ್ಲಿ ಒಂದೊಂದು ಬಗೆಯ ಚಪ್ಪಲಿ ಇತ್ತು.

"ಲ್ಯಾಬಿನಿಂದ ಪುಡಿ ಕಳುವಾಗಿದೆ. ಯಾರಾದ್ರೂ ತಿಂದ್ರೆ ಏನಾಗುತ್ತೋ ನಂಗೂ ಗೊತ್ತಿಲ್ಲ."

ಎಫ್‌ಐಆರ್ ದಾಖಲಿಸಿ, ಇನ್‌ಸ್ಪೆಕ್ಟರ್ ಮಹಿಳಾ ಪೇದೆಯೊಂದಿಗೆ ಪ್ರಯೋಗಾಲಯಕ್ಕೆ ಹೋದರು. ಕೋಣೆಯ ತುಂಬ ಎಲೆ ಕುದಿಸಿದ ಕಷಾಯದ ವಾಸನೆ. ಅದಕ್ಕೆ ಸತುವಿನ ಲವಣ ಬೆರೆಸಿ, ಒಣಗಿಸಿ, ಕುಲುಮೆಯಲ್ಲಿ ಸುಟ್ಟರೆ ಸಿಗುವುದು ಸತುವಿನ ಆಕ್ಸೈಡಿನ ನ್ಯಾನೋ ಕಣಗಳು. ಕ್ಯಾನ್ಸರ್ ಸಂಶೋಧನೆಗೆಂದು ಮಾಡಿಟ್ಟಿದ್ದ, ಈಗ ಕಳುವಾದ ಪುಡಿ ಅದೇ.

"ಇದರಿಂದ ಕ್ಯಾನ್ಸರ್ ವಾಸಿಯಾಗುತ್ತಾ?" ಇನ್‌ಸ್ಪೆಕ್ಟರ್ ಕೇಳಿದರು.

"ಗಾಜಿನ ತಟ್ಟೇಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನ ಕೊಂದಿದೆ, ಅಷ್ಟೇ. ಇಲಿಗೂ ಕೊಟ್ಟು ನೋಡಿಲ್ಲ. ಮನುಷ್ಯರ ಮಾತು ಹಾಗಿರ್ಲಿ."

ಪಂಚನಾಮೆಗೆಂದು ಪುಡಿಯ ಶೀಷೆ ಎತ್ತಿದ ಪೇದೆಗೆ ನಗು ಬಂತು. "ಸಾರ್, ಅರ್ಧ ಬಿಟ್ಟು ಹೋಗಿದಾನೆ. ಇಂಥ ಮರ್ಯಾದಸ್ಥ ಕಳ್ಳನ್ನ ಇದೇ ಮೊದ್ಲು ನೋಡ್ತಿರೋದು!"

ಇನ್‌ಸ್ಪೆಕ್ಟರ್ ನಗಲಿಲ್ಲ. ಬೀಗ ಮುರಿದಿರಲಿಲ್ಲ. ಪ್ರಯೋಗ ನಿಲ್ಲಬಾರದು ಅನ್ನುವವರು ಮಾತ್ರ ಹೀಗೆ ಅರ್ಧ ಉಳಿಸಿಯಾರು.

"ಪ್ರಯೋಗ ಮಾಡ್ತಿರೋರು ಯಾರ್ಯಾರು?"

"ನಾನು, ನನ್ನ ವಿದ್ಯಾರ್ಥಿನಿ. ಅವಳು ರಜೆ ಮೇಲಿದಾಳೆ. ತಾಯಿಗೆ ಕ್ಯಾನ್ಸರ್..." ಪ್ರೊಫೆಸರರ ಮಾತು ಅಲ್ಲೇ ನಿಂತಿತು.

ವಿದ್ಯಾರ್ಥಿನಿಯ ಫೋನ್ ಸ್ವಿಚ್ ಆಫ್ ಆಗಿತ್ತು. ವಿಳಾಸ ಪಡೆದು ಜೀಪಿನಲ್ಲಿ ಅವಳ ಮನೆಗೆ ಹೊರಟರು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ, ನಿಜ. ಆದರೆ ಈ ಹುಲ್ಲುಕಡ್ಡಿ ಮದ್ದೋ ವಿಷವೋ ಮಾಡಿದವರಿಗೇ ತಿಳಿಯದು. ತಾವು ಮುಟ್ಟುವಷ್ಟರಲ್ಲಿ ಆ ತಾಯಿ ಅದನ್ನು ಕುಡಿದುಬಿಟ್ಟಿದ್ದರೆ ಎಂದು ಇನ್‌ಸ್ಪೆಕ್ಟರರಿಗೆ ಭಯವಾಗಿತ್ತು.

ಮೂರನೇ ಮಹಡಿಯ ಬಾಗಿಲು ತೆರೆದದ್ದು, ಕೂದಲುದುರಿದ ತಲೆಗೆ ಬಟ್ಟೆ ಸುತ್ತಿಕೊಂಡಿದ್ದ ಆ ತಾಯಿಯೇ.

"ಅಮ್ಮಾ, ಮಗಳು ನಿಮಗೆ ಏನಾದ್ರೂ ಪುಡಿ ಕೊಟ್ಲಾ?"

"ನಂಗಾ? ಇಲ್ವಲ್ಲಪ್ಪ. ಅವಳೇ ನಿನ್ನೆಯಿಂದ ವಾಂತಿ ಮಾಡ್ಕೊಂಡು ಮಲಗಿದಾಳೆ, ಪಾಪ."

ಒಳಗೆ ಮಂಚದ ಪಕ್ಕ ಗಾಜಿನ ಲೋಟ, ತಳದಲ್ಲಿ ಬಿಳಿ ಗಸಿ. ಖಾಕಿ ಕಂಡದ್ದೇ ಮಗಳು ಎದ್ದು ಕೂತು, ದಿಂಬಿನಡಿಯ ಪೊಟ್ಟಣವನ್ನು ತಾನಾಗಿಯೇ ಕೊಟ್ಟಳು.

"ಡಾಕ್ಟರು ಕೈಚೆಲ್ಲಿಬಿಟ್ರು ಸಾರ್. ಕದ್ದೆ."

"ಅಮ್ಮಂಗೆ ಅಂತ ಕದ್ದು, ನೀನ್ಯಾಕಮ್ಮ ಕುಡ್ದೆ?"

"ಪರೀಕ್ಷೆ ಮಾಡ್ದೆ ಹೇಗೆ ಕೊಡ್ಲಿ ಸಾರ್? ನಮ್ಮಮ್ಮ ಅಲ್ವಾ?"

ಬಾಗಿಲಲ್ಲಿ ನಿಂತಿದ್ದ ತಾಯಿಗೆ ಎಲ್ಲವೂ ಕೇಳಿಸಿತ್ತು. "ಹುಚ್ಚಿ! ನಿಂಗೇನಾದ್ರೂ ಆಗಿದ್ರೆ ನಾನು ಬದುಕಿ ಏನು ಮಾಡ್ಲಿ?" ಎಂದು ಮಗಳನ್ನು ತಬ್ಬಿಕೊಂಡು ಅತ್ತರು.

ಮಧ್ಯಾಹ್ನ ಹನ್ನೆರಡೂವರೆಗೆ ಬಂಧನ ದಾಖಲಾಯಿತು. ಸಂಬಂಧಿಕರ ಸಹಿಯ ಜಾಗದಲ್ಲಿ ತಾಯಿಯೇ ಸಹಿ ಹಾಕಿದರು. ಜೀಪು ಠಾಣೆಗೆ ಹೋಗದೆ ನೇರ ಆಸ್ಪತ್ರೆಗೆ ಹೋಯಿತು. ಇಷ್ಟು ದಿನ ಅಲ್ಲಿ ಮಂಚದ ಮೇಲೆ ಮಲಗುತ್ತಿದ್ದ ತಾಯಿ, ಅಂದು ಪಕ್ಕದ ಸ್ಟೂಲಿನ ಮೇಲೆ ಕೂತು ಮಗಳ ಕೈ ಹಿಡಿದುಕೊಂಡರು.