ನವಮಿಯಂದು ಇಳಿಸಿದ ಕತ್ತಿ

ಮಹಾನವಮಿಯ ಆ ಅಪರಾಹ್ನ ರಾಜಧಾನಿ ಕುಂದಾವತಿಯ ಬೀದಿಬೀದಿಗಳಲ್ಲಿ ತಳಿರುತೋರಣ ತೂಗಾಡುತ್ತಿದ್ದವು. ಕೊಂಬು ಕಹಳೆಗಳ ಮೊಳಗಿಗೆ ಪಟ್ಟದಾನೆ ಕಿವಿಯಾಡಿಸುತ್ತ ನಿಂತಿತ್ತು. ದುರ್ಗಾಮಂಟಪದಲ್ಲಿ ಅರಸನ ಖಡ್ಗದಿಂದ ಹಿಡಿದು ಕಾವಲಿನವನ ಭರ್ಜಿಯವರೆಗೆ ಸಮಸ್ತ ಆಯುಧಗಳೂ ಹೂಮುಡಿದು ಮಲಗಿದ್ದವು. ದಶಮಿಯ ಬೆಳಗಿನವರೆಗೆ ಅವನ್ನು ಮುಟ್ಟುವಂತಿಲ್ಲ, ಆಯುಧ ಇಳಿಸಿದವನ ಮೈಯನ್ನೂ ಮುಟ್ಟುವಂತಿಲ್ಲ. ಅದು ಆ ರಾಜ್ಯದ ಕಟ್ಟಳೆ.

ಆ ಸಾಲಿನಲ್ಲಿ ಹೋದ ವರ್ಷ ಸೋತ ಮುತ್ತಿಗೆರೆಯ ಹಿರಿಯರ ಕತ್ತಿಗಳೂ ಇದ್ದವು. ಸೋತವರು ತಾವಾಗಿ ಬಂದು ಕತ್ತಿ ಇಳಿಸುವುದೆಂದರೆ ಸಾಮಾನ್ಯವೇ! ಅವರಿಗೆ ಅಭಯ ಕೊಟ್ಟು ಕರೆತಂದವನು ದಂಡನಾಯಕ ಬೊಪ್ಪರಸ. ಹಿಗ್ಗಿಹೋಗಿದ್ದ, ಪಾಪ.

ಅರಸ ಬಿಜ್ಜದೇವ ಅವನನ್ನು ಒಳಗೆ ಕರೆಸಿದ. ಪಕ್ಕದಲ್ಲಿ ಮಂತ್ರಿ ಕೇತಮಯ್ಯ ನಿಂತಿದ್ದ.

"ದಂಡನಾಯಕರೇ, ಔತಣಕ್ಕೆ ಕುಳಿತೊಡನೆ ಆ ಹಿರಿಯರ ತಲೆ ಉರುಳಬೇಕು. ಪೂಜೆಗಿಡದ ಕತ್ತಿಗಳನ್ನು ಮಂತ್ರಿಗಳು ತೆಗೆದಿರಿಸಿದ್ದಾರೆ."

ಬೊಪ್ಪರಸ ಅರಸನ ಕೈಯತ್ತ ನೋಡಿದ. ಈ ಅರಸನ ಎಳೆಯ ಕೈಗೆ ಮೊದಲ ಕತ್ತಿ ಹಿಡಿಸಿದವನು ಅವನೇ.

"ಪ್ರಭು, ಕರಿಹಾಳವನ್ನು ಗೆದ್ದಾಗ ಬೀದಿಗೊಂದು ಶೂಲ ನೆಟ್ಟೆವು. ಇಂದಿಗೂ ಅಲ್ಲಿ ನಮ್ಮ ಭಟರು ಊರಬಾವಿಯ ನೀರು ಕುಡಿಯಲು ಅಂಜುತ್ತಾರೆ. ಮುತ್ತಿಗೆರೆಯಲ್ಲಿ ಪಹರೆ ತೆಗೆಸಿದೆ, ಅವರ ಸಂತೆಯನ್ನು ಅವರಿಗೇ ಬಿಟ್ಟೆ. ಅಲ್ಲಿನ ಹೆಂಗಸರು ನಮ್ಮ ಗಾಯಾಳುಗಳಿಗೆ ಗಂಜಿ ಕಾಯಿಸಿ ಕೊಟ್ಟರು. ಇವೆರಡರಲ್ಲಿ ನಾವು ಗೆದ್ದ ಊರು ಯಾವುದು?"

"ಗಂಜಿ ಕೊಟ್ಟವರು ಕೊಂಡಾಡುವುದು ನಿಮ್ಮ ಹೆಸರನ್ನು, ಅರಸರದನ್ನಲ್ಲ," ಎಂದ ಕೇತಮಯ್ಯ, ಮೆಲ್ಲಗೆ.

ಅರಸ ಮುಖ ತಿರುಗಿಸಿದ. ಓಹೋ, ಹೊಟ್ಟೆಕಿಚ್ಚೇ! ಬೊಪ್ಪರಸ ಹೊರಬಂದ.

ಭೋಜನಶಾಲೆಯ ಹೊರಗೆ ಮುತ್ತಿಗೆರೆಯ ಮಾಚಗಾವುಂಡ ತನ್ನವರೊಡನೆ ಕೈಕಾಲು ತೊಳೆಯುತ್ತಿದ್ದ.

"ಗೌಡರೇ, ನನ್ನ ಅರಸರೇ ನನಗೆ ಮೋಸ ಮಾಡಿದರು. ನನ್ನನ್ನು ನಂಬಿ ನೀವೂ ಕೆಟ್ಟಿರಿ. ಈಗಲೇ ಜನರೊಳಗೆ ಬೆರೆತು ಊರು ಸೇರಿಕೊಳ್ಳಿ."

"ನಮ್ಮ ಕತ್ತಿಗಳು?"

"ಬಿಡಿ. ಹಿಡಿದು ಹೊರಟರೆ ದಂಗೆಯೆಂದು ಊರನ್ನೇ ಸುಡುತ್ತಾರೆ."

"ಹಾಗಾದರೆ ನೀವೂ ಬನ್ನಿ, ಸ್ವಾಮಿ!"

"ನಾನು ಬಂದರೂ ಹಾಗೆಯೇ ಸುಡುತ್ತಾರೆ. ಹೊರಡಿ."

ಅವರು ಹೋದ ಮೇಲೆ ಬೊಪ್ಪರಸ ಮಂಟಪಕ್ಕೆ ಬಂದು, ದೇವಿಯ ಮುಂದೆ ಬರಿಗೈಯಲ್ಲಿ ನಿಂತ. ಹಿರಿಯರು ಹೋದ ಸುದ್ದಿ ಕೇಳಿ ಅರಸ ಧಾವಿಸಿ ಬಂದ. ಹಿಂದೆಯೇ ಕೇತಮಯ್ಯನ ಭಟರು.

"ದ್ರೋಹಿ! ಎತ್ತಿಕೊಳ್ಳಿ ನಿಮ್ಮ ಕತ್ತಿ!"

"ನಾಳೆ ಬೆಳಗಿನವರೆಗೆ ಮುಟ್ಟುವಂತಿಲ್ಲ, ಪ್ರಭು. ಚಿಕ್ಕಂದಿನಲ್ಲಿ ನಿಮಗೆ ಇದನ್ನು ಹೇಳಿಕೊಟ್ಟವನು ನಾನೇ."

ಕೇತಮಯ್ಯ ಸನ್ನೆ ಮಾಡಿದ. ಅರಸ ಬೇಡವೆನ್ನಲಿಲ್ಲ. ಪೂಜೆಗಿಡದ ಕತ್ತಿಗಳು ದೇವಿಯ ಮುಂದೆಯೇ ಬೊಪ್ಪರಸನನ್ನು ಕೆಡವಿದವು.

ದಶಮಿಯ ಬೆಳಗ್ಗೆ ದಂಡಿನವರೆಲ್ಲ ತಮ್ಮ ತಮ್ಮ ಆಯುಧ ಎತ್ತಿಕೊಂಡರು. ಮುತ್ತಿಗೆರೆಯ ಕತ್ತಿಗಳ ಪಕ್ಕದಲ್ಲಿ ಬೊಪ್ಪರಸನ ಕತ್ತಿ ಬಾಡಿದ ಹೂವಿನೊಡನೆ ಹಾಗೆಯೇ ಉಳಿದಿತ್ತು. ಅದನ್ನು ತೆಗೆಯಿರೆಂದು ಅರಸ ಅಪ್ಪಣೆ ಮಾಡಿದ. ಮತ್ತೊಮ್ಮೆ ಮಾಡಿದ. ತನ್ನದೇ ದಂಡಿನಲ್ಲಿ ಒಬ್ಬನೂ ಕೈ ಚಾಚಲಿಲ್ಲ.