ಆರು ಪಟ್ಟಿಯ ಕನ್ನಡಿ

ಅಪ್ಪನ ಮರಗೆಲಸದ ಶೆಡ್ಡಿನಲ್ಲಿ ಅವಳು ಜೋಡಿಸುತ್ತಿದ್ದ ಆರು ಮೂಲೆಯ ಫ್ರೇಮ್ ಮೂರೇ ಪಟ್ಟಿಗೆ ಕೂಡಿಕೊಂಡುಬಿಟ್ಟಿತು. ಉಳಿದ ಮೂರನ್ನು ಜೋಡಿಸಿ ನೋಡಿದಳು. ಅದೂ ತ್ರಿಕೋನವೇ! ಗಣಿತದ ಮೇಷ್ಟ್ರು ಕನ್ನಡಿಗೆಂದು ತಂದುಕೊಟ್ಟಿದ್ದ, ಅವರಜ್ಜಿಯ ಮಂಚದ ಮರ ಅಷ್ಟೂ ಮುಗಿದಿತ್ತು. ಮತ್ತೆ ಕುಯ್ದರೆ ಕನ್ನಡಿಗೆ ಸಾಲದು.

"ಮೊದಲು ಬೇರೆ ಚೂರು ಕುಯ್ದು ನೋಡದೆ ಒಳ್ಳೇ ಮರಕ್ಕೆ ಗರಗಸ ಇಟ್ಟವಳಲ್ಲ ನೀನು," ಅಪ್ಪ ಸ್ಯಾಂಡ್‌ಪೇಪರ್ ಕೆಳಗಿಟ್ಟರು. "ಇವತ್ತೇನಾಯ್ತೇ?"

ಅಪ್ಪನಿಗೆ ಹೇಗೆ ಹೇಳುವುದು? ಬೆಳಿಗ್ಗೆ ಮೇಷ್ಟ್ರು ಇದೇ ಮೇಜಿನ ಮೇಲೆ ಕೈವಾರ ಊರಿ ವೃತ್ತ ಎಳೆದಿದ್ದರು. ಅದೇ ಅಳತೆಯಲ್ಲಿ ಸುತ್ತಲೂ ಆರು ಗುರುತು ಹಾಕಿ, ಷಟ್ಕೋನ ಮಾಡಿ, ಮೂಲೆಯ ನೂರಿಪ್ಪತ್ತು ಡಿಗ್ರಿಯನ್ನು ಸರಿಯಾಗಿ ಅರ್ಧ ಮಾಡಿ 'ಅರವತ್ತು' ಎಂದು ಬರೆದಿದ್ದರು. ಗೆರೆ ಎಳೆಯುವಾಗ ಕೆಳತುಟಿ ಕಚ್ಚಿಕೊಳ್ಳುವುದು ಅವರ ಅಭ್ಯಾಸ. ಅವಳು ನೋಡಿದ್ದು ಆ ತುಟಿಯನ್ನು, ಗೆರೆಯನ್ನಲ್ಲ. ಅವರು ಹೋದ ಮೇಲೆ ಗರಗಸದ ಮಷಿನ್ನನ್ನು ಅರವತ್ತಕ್ಕೆ ತಿರುಗಿಸಿ ಆರೂ ಪಟ್ಟಿ ಕುಯ್ದು ಹಾಕಿದ್ದಳು.

ಸಂಜೆ ಮೇಷ್ಟ್ರು ಬಂದರು. ತ್ರಿಕೋನಗಳನ್ನು ನೋಡಿದರು, ಮಷಿನ್ ಮೇಲಿನ ಅಂಕಿ ನೋಡಿದರು, ಹಣೆ ಚಚ್ಚಿಕೊಂಡರು.

"ಇದರಲ್ಲಿ ನೇರ ಕಟ್‌ಗೆ ಸೊನ್ನೆಯಾ? ನಾನು ಪಟ್ಟಿಯ ಅಂಚಿನಿಂದ ಅಳೆದುಬಿಟ್ಟೆ! ಬೇಕಿದ್ದದ್ದು ಪೂರಕ ಕೋನ, ತೊಂಬತ್ತರಲ್ಲಿ ಅರವತ್ತು ಹೋದ್ರೆ ಮೂವತ್ತು. ದಿನಾ ಮಕ್ಕಳಿಗೆ ಇದನ್ನೇ ಹೇಳಿಕೊಡ್ತೀನಿ, ಥೂ! ತಪ್ಪು ನನ್ನದು. ಇನ್ಮೇಲೆ ಬಂದು ನಿಮ್ಮ ಕೆಲಸ ಕೆಡಿಸಲ್ಲ, ಬಿಡಿ."

ಹೇಳಿದವರೇ ಬಾಗಿಲ ಕಡೆ ತಿರುಗಿದರು. ಬಾಯಿ ಮುಚ್ಚಿಕೊಂಡಿದ್ದರೆ ಅವಳ ಮಾನ ಉಳಿಯುತ್ತಿತ್ತು, ಮೇಷ್ಟ್ರು ಮಾತ್ರ ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ.

"ನಿಲ್ಲಿ," ಎಂದಳು. "ಆ ಮೂವತ್ತು ನನಗೆ ಹತ್ತು ವರ್ಷದಿಂದ ಗೊತ್ತು. ಯಾರು ಅರವತ್ತು ಅಂತ ಬರೆದುಕೊಟ್ರೂ ನಾನೇ ಕಳೆದು ಕುಯ್ಯೋದು."

"ಮತ್ತೆ ಇವತ್ತು?"

"ಇವತ್ತು ನಿಮ್ಮನ್ನೇ ನೋಡ್ತಾ ಕೂತಿದ್ದೆ. ನೀವು ಹೋದ ಮೇಲೂ ನಿಮ್ಮದೇ ಗುಂಗು. ಅಜ್ಜಿ ಮರ ಹಾಳು ಮಾಡಿದ್ದು ನಾನು. ಬೈದುಬಿಡಿ."

ಅಪ್ಪನಿಗೆ ಇದ್ದಕ್ಕಿದ್ದಂತೆ ಹಿತ್ತಲಲ್ಲಿ ಏನೋ ಕೆಲಸ ನೆನಪಾಯಿತು.

ಮೇಷ್ಟ್ರ ಕಿವಿ ಕೆಂಪಗಾದವು. "ನಾನು ಯಾವ ಬಾಯಲ್ಲಿ ಬೈಯಲಿ? ಮೊದಲು ಸ್ಟೂಲು ಮಾಡಿಸಿದೆ, ಆಮೇಲೆ ಶೆಲ್ಫು, ಈಗ ಕನ್ನಡಿ. ಒಂದೇ ರೂಮಿನ ಮನೆಗೆ ಇಷ್ಟೆಲ್ಲ ಯಾಕೆ ಅಂತ ನೀವು ಕೇಳ್ತೀರೇನೋ ಅಂತ ಕಾದೆ. ನೀವು ಕೇಳಲೇ ಇಲ್ಲ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಪಾಪ, ಆ ರೂಮಿನಲ್ಲಿ ಈಗ ಕಾಲಿಡಲೂ ಜಾಗವಿರಲಿಕ್ಕಿಲ್ಲ.

ಅವರು ಎರಡೂ ತ್ರಿಕೋನಗಳನ್ನು ಎತ್ತಿ ಹಿಡಿದರು. "ಹಾಳೇನೂ ಆಗಿಲ್ಲ. ಎರಡು ಕನ್ನಡಿ ಆಯ್ತು. ಒಂದು ನಿಮಗೆ, ಒಂದು ನನಗೆ. ಆಗ್ಬಹುದಾ?"

ಅವಳು ಎರಡನ್ನೂ ಅವರ ಕೈಯಿಂದ ಕಿತ್ತುಕೊಂಡಳು.

"ಅಜ್ಜಿ ಮರ ಎರಡು ಮನೆ ಪಾಲಾಗೋದು ಬೇಡ. ಎರಡೂ ಒಂದೇ ಗೋಡೆಗೆ ಹಾಕೋಣ."